ಎಳೀಬೇಡಿ ಮಾರಾಯ್ರೇ!

ನಮಸ್ಕಾರ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ! ಹೋದ ವಿಡಿಯೋಕ್ಕೆ ಒಬ್ರು ಬರ್ದಿದಾರೆ: "ಅಪ್ಪಂಗೆ ಪಾರ್ಕಿನ್ಸನ್. ಹೊಸಿಲ ಹತ್ರ ಕಾಲು ಅಂಟಿಬಿಡತ್ತೆ. ಕೈ ಹಿಡಿದು ಎಳೀತೀವಿ, ಬರ್ತಾರೆ." ಬರ್ತಾರೆ ಸ್ವಾಮಿ, ಮುಗ್ಗರಿಸ್ಕೊಂಡು ಬರ್ತಾರೆ!

ಎಳೀಬೇಡಿ. ನೀವು ಎಳೆದಾಗ ಮೈ ಮುಂದೆ ಬರತ್ತೆ, ಪಾದ ಅಲ್ಲೇ ಇರತ್ತೆ. ತಟ್ಟನೆ ಒಂದು ಹೆಜ್ಜೆ ಹಾಕಿ ಸಾವರಿಸ್ಕೊಳ್ಳೋ ಶಕ್ತಿನೂ ಈ ಕಾಯಿಲೇಲಿ ಕಮ್ಮಿ. ಆಮೇಲೆ ಸೊಂಟದ ಮೂಳೆ ಅಂತ ಆಸ್ಪತ್ರೆಗೆ ಓಡ್ತೀರಿ.

ಮತ್ತೆಂತ ಮಾಡೋದು? ಪಕ್ಕದಲ್ಲಿ ನಿಂತು "ನಿಲ್ಲಿ" ಅನ್ನಿ. ನೆಟ್ಟಗೆ ನಿಂತು ಒಂದು ಉಸಿರು. ಭಾರ ಎಡಕ್ಕೆ, ಬಲಕ್ಕೆ, ನಿಧಾನ. ಈಗ ಭಾರ ಇಲ್ಲದ ಕಾಲು ಎತ್ತಿ ಒಂದೇ ದೊಡ್ಡ ಹೆಜ್ಜೆ, ಹಿಮ್ಮಡಿ ಮೊದಲು. ಆಗ್ಲಿಲ್ವಾ? ನಿಮ್ಮ ಪಾದ ಅವರ ಪಾದದ ಮುಂದೆ ಅಡ್ಡ ಇಡಿ, ದಾಟಕ್ಕೆ ಹೇಳಿ. ನಡಿಗೆ ತಾನಾಗೇ ಬರೋ ವ್ಯವಸ್ಥೆ, ಡೋಪಮೈನ್ ಅನ್ನೋ ಮಿದುಳಿನ ರಾಸಾಯನಿಕ ಕಮ್ಮಿ ಆಗಿ ಸೊರಗಿದೆ. ಕಣ್ಣಿಗೊಂದು ಗುರಿ ಕೊಟ್ರೆ ಮಿದುಳು ಬೇರೆ ದಾರಿ ಹಿಡಿಯತ್ತೆ.

ಅದಕ್ಕೇ ನೆಲಕ್ಕೆ ಟೇಪ್. ಅಡ್ಡಡ್ಡ, ಅವರ ಒಂದು ಒಳ್ಳೆ ಹೆಜ್ಜೆಗೊಂದು, ಸುಮಾರು 45-50 ಸೆಂಟಿಮೀಟರ್. ಹೊಸಿಲಿಗೆ ಮೂರು ಹೆಜ್ಜೆ ಮುಂಚೆ ಶುರುವಾಗಿ ಆಚೆಗೂ ಹೋಗ್ಬೇಕು. ಹೊಸಿಲಲ್ಲೇ ನಿಲ್ಲಿಸಿದ್ರೆ ಅವರೂ ಅಲ್ಲೇ ನಿಲ್ತಾರೆ. ನಮ್ಮ ಕಡೆ ರೆಡ್ ಆಕ್ಸೈಡ್ ನೆಲ, ಕೆಂಪು ಟೇಪ್ ಹಾಕ್ಬೇಡಿ, ಬಿಳಿ ಹಾಕಿ. ಅಲ್ಲಿ ಮಡಚಿಟ್ಟ ಗೋಣಿಚೀಲ ಕಾಲೊರೆಸಕ್ಕೆ ಇದ್ಯಲ್ಲ, ಅದನ್ನ ಮೊದ್ಲು ಎತ್ತಿ!

ತಾಳನೂ ಕೆಲ್ಸ ಮಾಡತ್ತೆ. ಮೊಬೈಲಲ್ಲಿ ಟಿಕ್ ಟಿಕ್ ಅಂತ ತಾಳ ಹಾಕೋ ಮೆಟ್ರೊನೋಮ್ ಆಗ್ಬಹುದು, ನಿಧಾನ ಗತಿಯ ಯಕ್ಷಗಾನದ ಪದ ಆಗ್ಬಹುದು. ಯುದ್ಧದ ಚಂಡೆ ಮಾತ್ರ ಬೇಡ, ಪುಟ್ಟಪುಟ್ಟ ಹೆಜ್ಜೇಲಿ ಓಡಕ್ಕೆ ಶುರು ಮಾಡ್ತಾರೆ.

ತಿರುಗೋವಾಗ ನಿಂತಲ್ಲೇ ಗಿರಕಿ ಹೊಡೆಸ್ಬೇಡಿ, ಕಾಲಿಗೆ ಕಾಲು ಸಿಕ್ಕತ್ತೆ. ಅರ್ಧಚಂದ್ರದ ಹಾಗೆ ಬಳಸಿ ಬರ್ಲಿ. ಅಭ್ಯಾಸ ಎಲ್ಲ ಮಾತ್ರೆ ಚೆನ್ನಾಗಿ ಕೆಲ್ಸ ಮಾಡ್ತಿರೋ ಹೊತ್ತಲ್ಲಿ. ಮಳೆಗಾಲ್ದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಂತೂ ಬೇಡವೇ ಬೇಡ.

"ಮಾತ್ರೆ ಜಾಸ್ತಿ ಮಾಡಿದ್ರಾಯ್ತಲ್ಲ?" ಆಹಾ, ಡಾಕ್ಟ್ರು ಬಂದ್ರು! ಮಾತ್ರೆಗೂ ಬಗ್ಗದ ಅಂಟು ಇದೆ ಸ್ವಾಮಿ. "ವಾಕರ್ ತಂದಿದೀವಿ." ಚಕ್ರ ಇಲ್ದಿದ್ದಾ? ಪ್ರತಿ ಸಲ ಎತ್ತಿ ಇಡೋದ್ರಲ್ಲೇ ಹೆಜ್ಜೆ ಲಯ ಕಡಿಯತ್ತೆ, ಫಿಸಿಯೋ ನೋಡಿ ಹೇಳ್ಲಿ. "ಎಳೆದ್ರೆ ಬೇಗ ಆಗತ್ತೆ." ಎಂತಕ್ಕೆ ಬೇಗ? ಬಸ್ ತಪ್ಪತ್ತಾ? ಅವಸರ ಮಾಡಿದಷ್ಟೂ ಅಂಟತ್ತೆ! ಎಳೀಬೇಡಿ ಅಂದ್ರೆ ಎಳೀಬೇಡಿ!

ಈ ವಿಡಿಯೋನ ಮನೆ ವಾಟ್ಸಾಪ್ ಗ್ರೂಪಿಗೆ ಹಾಕಿ, ಎಳೆಯೋ ಭಾವನಿಗೆ ಟ್ಯಾಗ್ ಮಾಡಿ. ಸಬ್‌ಸ್ಕ್ರೈಬ್ ಆಗಿ. ಮುಂದಿನ ವಾರ, ಮಂಚದಲ್ಲಿ ಮಗ್ಗುಲು ತಿರುಗೋದು. ಅಲ್ಲೂ ಯಾರೋ ಎಳೀತಿದಾರೆ ಅಂತ ಗೊತ್ತು ನಂಗೆ!