ಕೈಕಾಲು ಮುರಿದವರ ಎಂವಿಸಿ ಕೇಸು: ಪರಿಹಾರದ ಲೆಕ್ಕ ಎಲ್ಲಿ ತಪ್ಪುತ್ತದೆ?

ಎಲ್ಲರಿಗೂ ನಮಸ್ಕಾರ.

ರಸ್ತೆ ಅಪಘಾತದ ಪರಿಹಾರದ ಕೇಸುಗಳ, ಅಂದರೆ ಎಂವಿಸಿ ಕೇಸುಗಳ ಬಗ್ಗೆ ಮಾತಾಡಿ ಎಂದು ತಾಲ್ಲೂಕು ಕಾನೂನು ಸೇವಾ ಸಮಿತಿಯವರು ಕೇಳಿದರು. ನಾನು ಇವತ್ತು ಬದುಕಿ ಉಳಿದವರ ಬಗ್ಗೆ ಮಾತ್ರ ಮಾತಾಡುತ್ತೇನೆ. ಸಾವಿನ ಕೇಸಿನಲ್ಲಿ ನಷ್ಟ ಎಲ್ಲರಿಗೂ ಕಾಣುತ್ತದೆ. ಗಾಯದ ಕೇಸಿನಲ್ಲಿ ಅರ್ಧ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರು ಗುದ್ದಿ ಕೈ ಮುರಿದವರು ವರ್ಷದ ನಂತರ ನಡೆದುಕೊಂಡು ಕೋರ್ಟಿಗೆ ಬಂದರೆ, ನೋಡಿದವರಿಗೆ 'ಚೆನ್ನಾಗೇ ಇದ್ದಾರಲ್ಲ' ಅನ್ನಿಸುತ್ತದೆ. ಆ ಕೈಯಿಂದ ಅವರು ಏನು ಮಾಡುತ್ತಿದ್ದರು, ಈಗ ಏನು ಮಾಡಲಾಗುತ್ತಿಲ್ಲ ಎಂಬುದನ್ನು ಅವರೇ ಹೇಳಬೇಕು. ನಮ್ಮ ಜನ ಹೇಳುವುದಿಲ್ಲ. ಬಿಲ್ಲುಗಳನ್ನು ಕೊಟ್ಟು ಸುಮ್ನೆ ಕೂರುತ್ತಾರೆ.

ಮೊದಲು ಆಸ್ಪತ್ರೆಯ ಮಾತು. ಗುದ್ದಿದ ಕಾರಿನವರೇ ಎಷ್ಟೋ ಸಲ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಅದು ಒಳ್ಳೆಯ ಕೆಲಸ. ಆಮೇಲೆ 'ಪೊಲೀಸ್ ಕೇಸ್ ಬೇಡ, ಖರ್ಚೆಲ್ಲ ನಾವೇ ನೋಡಿಕೊಳ್ಳುತ್ತೇವೆ' ಎನ್ನುತ್ತಾರೆ. ಮನೆಯವರು ಒಪ್ಪುತ್ತಾರೆ. ಆಸ್ಪತ್ರೆಯವರು ಹೇಗಾಯಿತು ಎಂದು ಕೇಳಿದಾಗ 'ಬೈಕಿನಿಂದ ತಾನೇ ಬಿದ್ದ' ಎಂದು ಬರೆಸುತ್ತಾರೆ. ಮೊದಲ ಬಿಲ್ ಪಾವತಿಯಾಗುತ್ತದೆ. ಒಳಗೆ ಹಾಕಿದ ರಾಡ್ ತೆಗೆಸಲು ಎರಡನೇ ಆಪರೇಷನ್ ಬೇಕು ಎಂದಾಗ ಆ ಕಾರಿನವರು ಫೋನ್ ಎತ್ತುವುದಿಲ್ಲ. ಆಗ ಕೇಸು ಹಾಕಲು ಹೋದರೆ, ಇನ್ಶೂರೆನ್ಸ್ ಕಂಪನಿಯ ವಕೀಲರು ಮೊದಲು ತೋರಿಸುವುದು ಆ ಒಂದು ಸಾಲನ್ನೇ: ತಾನೇ ಬಿದ್ದ. ಆ ಸಾಲನ್ನು ಅಳಿಸುವಷ್ಟು ಕಷ್ಟದ ಕೆಲಸ ಈ ಕೇಸುಗಳಲ್ಲಿ ಇನ್ನೊಂದಿಲ್ಲ.

ಹಾಗಾಗಿ ಆಸ್ಪತ್ರೆಯಲ್ಲಿ ನಡೆದದ್ದನ್ನೇ ಹೇಳಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯ ಎಂದು ಆಸ್ಪತ್ರೆಯವರು ಬರೆಯುವ ದಾಖಲೆ ಮಾಡಿಸಿ, ಕಾರಿನ ನಂಬರ್ ಬರೆಸಿ, ಠಾಣೆಗೆ ದೂರು ಕೊಡಿ. ಚಾಲಕನ ಮೇಲೆ ಕ್ರಿಮಿನಲ್ ಕೇಸು ಆಗುತ್ತದೆ, ನಿಜ. ಆದರೆ ಪರಿಹಾರದ ಹಣ ಸಾಮಾನ್ಯವಾಗಿ ಕಾರಿನವರ ಜೇಬಿನಿಂದ ಬರುವುದಿಲ್ಲ. ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಅದನ್ನು ಮಾಡಿಸುವುದೇ ನಿಮ್ಮಂಥ ಹೊರಗಿನವರಿಗೆ ಪೆಟ್ಟಾದರೆ ಕೊಡಲಿ ಎಂದು. ಯಾವ ಕಂಪನಿಯ ಪಾಲಿಸಿ ಎಂದು ಪೊಲೀಸರ ದಾಖಲೆಯಲ್ಲೇ ಸಿಗುತ್ತದೆ.

ದೂರು ಕೊಡಲು ತಡವಾಗಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಮನೆಯವರು ಮೊದಲು ಗಾಯಾಳುವಿನ ಜೀವ ಉಳಿಸಲು ಓಡುತ್ತಾರೆ, ಠಾಣೆಗೆ ಓಡುವುದಿಲ್ಲ. 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಒಪ್ಪಿದೆ. ತಡವಾದದ್ದಕ್ಕೆ ಕಾರಣ ಕೊಡಬೇಕು, ಅಷ್ಟೇ.

ಆದರೆ ಕೋರ್ಟಿಗೆ ಹೋಗುವ ಗಡುವು ಬೇರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಅಪಘಾತವಾಗಿ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಸೊಂಟ ಮುರಿದು ಮಲಗಿದವರಿಗೆ ಎದ್ದು ಕೂರುವುದಕ್ಕೇ 6 ತಿಂಗಳು ಬೇಕು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಅದನ್ನು ನಂಬಿ ಕೂರಬೇಡಿ. ಚಿಕಿತ್ಸೆ ಮುಗಿಯಲಿ ಎಂದು ಕಾಯಬೇಕಾಗಿಲ್ಲ. ಅರ್ಜಿ ಮೊದಲು ಹಾಕಿ, ನಂತರದ ಬಿಲ್ಲುಗಳನ್ನು ಸಾಕ್ಷ್ಯದ ಹೊತ್ತಿಗೆ ಕೊಡಬಹುದು.

ಎಲ್ಲಿ ಹಾಕಬೇಕು? ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಹಾವೇರಿಯ ಹುಡುಗನಿಗೆ ಬೆಂಗಳೂರಿನಲ್ಲಿ ಅಪಘಾತವಾದರೆ, ಅವನು ಹಾವೇರಿಯಲ್ಲೇ ಅರ್ಜಿ ಹಾಕಬಹುದು. ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಗೆ ಹೋಗುವ ಹಕ್ಕು ಕಾನೂನಿನಲ್ಲೇ ಇದೆ. ಊರುಗೋಲು ಹಿಡಿದವರಿಗೆ ಇದು ದೊಡ್ಡ ಅನುಕೂಲ, ಅಲ್ವಾ?

ಈಗ ಲೆಕ್ಕಕ್ಕೆ ಬರೋಣ. ನನ್ನ ಮುಖ್ಯ ಮಾತು ಇಲ್ಲಿದೆ.

ಆಸ್ಪತ್ರೆ, ಔಷಧಿ, ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು, ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಸಂಬಳ, ನೋವು, ಇವೆಲ್ಲ ಪರಿಹಾರದಲ್ಲಿ ಸೇರುತ್ತವೆ. ಕೈಕಾಲು ಮೊದಲಿನಂತೆ ಆಗದಿದ್ದವರಿಗೆ ಇವೆಲ್ಲಕ್ಕಿಂತ ಜಾಸ್ತಿ ಹಣ ಬರಬಹುದಾದದ್ದು ಮುಂದಿನ ದುಡಿಮೆಯ ನಷ್ಟದಿಂದ. ತಪ್ಪಿಹೋಗುವುದೂ ಅದೇ.

32 ವರ್ಷದ ಒಬ್ಬ ಟೈಲರ್ ಇದ್ದಾರೆ ಎಂದುಕೊಳ್ಳಿ. ತಿಂಗಳಿಗೆ 15,000 ರೂಪಾಯಿ ದುಡಿಮೆ. ಕಾರು ಗುದ್ದಿ ಬಲಗೈ ಮುರಿಯಿತು, ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಡಾಕ್ಟರು ಆ ಕೈಗೆ 30% ಊನ ಎಂದು ಬರೆದರು. ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಒಂದು ರೂಢಿ ಇದೆ. ಒಂದು ಕೈಯ ಊನದಲ್ಲಿ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನ ಎಂದು ಹಿಡಿಯುತ್ತಾರೆ. ಅಂದರೆ 10%. ಸ್ವಂತ ದುಡಿಮೆಯವರು 40 ವರ್ಷದೊಳಗಿದ್ದರೆ, ಮುಂದೆ ಆದಾಯ ಏರುತ್ತಿತ್ತು ಎಂದು 40% ಸೇರಿಸಬೇಕು ಎಂದು ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪು ಹೇಳುತ್ತದೆ. ಗಾಯದ ಕೇಸಿಗೂ ಅದು ಅನ್ವಯ ಎಂದು 2020ರ ಪಪ್ಪು ದೇವ್ ಯಾದವ್ ತೀರ್ಪಿನಲ್ಲಿದೆ. ಹಾಗಾಗಿ ತಿಂಗಳಿಗೆ 21,000, ವರ್ಷಕ್ಕೆ 2,52,000. ಈ ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ; 31ರಿಂದ 35 ವಯಸ್ಸಿಗೆ ಅದು 16. ಇದು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಿಂದ ಬಂದದ್ದು. ಒಟ್ಟು 40,32,000. ಅದರ 10% ಎಂದರೆ 4,03,200 ರೂಪಾಯಿ.

ಆದರೆ ಟೈಲರ್‌ಗೆ ಬಲಗೈ ಮಣಿಕಟ್ಟು ಎಂದರೆ ಏನು? ಬಟ್ಟೆ ಕತ್ತರಿಸುವುದು ಅದರಿಂದ, ಮಷೀನಿನ ಮೇಲೆ ಬಟ್ಟೆ ತಿರುಗಿಸುವುದು ಅದರಿಂದ. ಮೊದಲು ದಿನಕ್ಕೆ ಎಷ್ಟು ಬ್ಲೌಸ್ ಹೊಲಿಯುತ್ತಿದ್ದರು, ಈಗ ಎಷ್ಟು ಎಂದು ಅಳತೆ ಪುಸ್ತಕ ತೋರಿಸಿ, ದುಡಿಮೆಯೇ 30% ಕುಸಿದಿದೆ ಎಂದು ಸಾಬೀತು ಮಾಡಿದರೆ ಅದೇ ಲೆಕ್ಕ 12,09,600 ರೂಪಾಯಿ ಆಗುತ್ತದೆ. ಗಾಯ ಒಂದೇ, ಡಾಕ್ಟರ ಸರ್ಟಿಫಿಕೇಟೂ ಒಂದೇ. 8 ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ.

ಇದು ನನ್ನ ಸ್ವಂತ ವಾದವಲ್ಲ. 2010ರ ಅಕ್ಟೋಬರ್‌ನಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡ ಡ್ರೈವರ್ ಅಥವಾ ಬಡಗಿಯ ದುಡಿಮೆ ಪೂರ್ತಿ ಹೋದಂತೆ. ಅದೇ ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತರ ಕೆಲಸ ಉಳಿಯಬಹುದು. ದೇಹದ ಊನ ಎಷ್ಟು ಎಂದು ಡಾಕ್ಟರು ಹೇಳುತ್ತಾರೆ, ದುಡಿಮೆಯ ನಷ್ಟ ಎಷ್ಟು ಎಂದು ನ್ಯಾಯಮಂಡಳಿ ತೀರ್ಮಾನಿಸಬೇಕು. ಚಿಕಿತ್ಸೆಯನ್ನೇ ಕೊಡದ ಡಾಕ್ಟರು ಬರೆದ ಸಿದ್ಧ ಸರ್ಟಿಫಿಕೇಟುಗಳ ಬಗ್ಗೆ ಎಚ್ಚರ ಬೇಕು ಎಂದೂ ಅದೇ ತೀರ್ಪಿನಲ್ಲಿದೆ. ಆದ್ದರಿಂದ ಸಾಧ್ಯವಾದಷ್ಟೂ ನಿಮಗೆ ಆಪರೇಷನ್ ಮಾಡಿದ ಡಾಕ್ಟರನ್ನೇ ಸಾಕ್ಷಿ ಹೇಳಲು ಕರೆಸಿ.

ಇಲ್ಲಿ ಕೂತಿರುವ ಅಕ್ಕಂದಿರಿಗೆ ಒಂದು ಮಾತು. 'ನಾನೇನೂ ಕೆಲಸ ಮಾಡಲ್ಲ, ಮನೇಲೇ ಇರ್ತೀನಿ' ಎಂದು ದಯವಿಟ್ಟು ಕೋರ್ಟಿನಲ್ಲಿ ಹೇಳಬೇಡಿ. ಹಸು ಕರೆಯುವವರು ನೀವು, ರೊಟ್ಟಿ ಬಡಿಯುವವರು ನೀವು, ಅತ್ತೆಯನ್ನು ಎತ್ತಿ ಕೂರಿಸುವವರು ನೀವು. ಗೃಹಿಣಿಯ ದುಡಿಮೆಗೆ ಆದಾಯ ಕಟ್ಟುವುದು ಸರಿ ಎಂದು 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಬಳದ ಚೀಟಿ ಇಲ್ಲದ ಕೂಲಿಯವರೂ ಹೆದರಬೇಕಾಗಿಲ್ಲ. ಲೋಕ ಅದಾಲತ್‌ಗಳಿಗಾಗಿ ನಮ್ಮ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಅಪಘಾತದ ವರ್ಷಕ್ಕೆ ತಕ್ಕಂತೆ ಅಂದಾಜು ಆದಾಯದ ಪಟ್ಟಿ ಮಾಡಿದೆ. ಹೈಕೋರ್ಟ್ ಕೂಡ ಅದನ್ನು ನೋಡುತ್ತದೆ.

ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಅದಕ್ಕೆ ಅರ್ಜಿ ಕಂದಾಯ ಅಧಿಕಾರಿಗಳ ಬಳಿ. ಈ ಮೊತ್ತ ತೀರಾ ಕಡಿಮೆ. ಇನ್ನೊಂದು, 2025ರ ಮೇ ತಿಂಗಳಿಂದ ಅಪಘಾತವಾದ 7 ದಿನಗಳವರೆಗೆ 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಇದೆ. ಆಸ್ಪತ್ರೆಗೆ ಸೇರಿದ ತಕ್ಷಣ ಕೇಳಿ.

ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರೆ ಹೋಗಿ. ಹಣ ಬೇಗ ಬರುತ್ತದೆ. ಆದರೆ ಅಲ್ಲಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಈಗ ನಾವು ಮಾಡಿದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿ. ನ್ಯಾಯಮಂಡಳಿಯ ತೀರ್ಪು ಕಡಿಮೆ ಅನ್ನಿಸಿದರೆ ಹೈಕೋರ್ಟಿಗೆ ಹೋಗಲು 90 ದಿನ ಇದೆ.

ಕೊನೆಗೆ ವಕೀಲರ ಫೀಸು. ಬರುವ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ವಕೀಲರು ಮಾತಾಡಿಕೊಳ್ಳುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ ಅದನ್ನು ತಡೆಯುತ್ತದೆ. ವಾರ್ಡಿನೊಳಗೇ ಬಂದು ಖಾಲಿ ಪೇಪರಿಗೆ ಸಹಿ ಕೇಳುವ ಮಧ್ಯವರ್ತಿಗಳಿಗೆ ಸಹಿ ಕೊಡಬೇಡಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯವರು ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಫೋನ್ ನಂಬರ್ 15100. ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಎಫ್‌ಐಆರ್ ಪ್ರತಿ ತಂದಿರುವವರು ಹಾಗೇ ಕೂತಿರಿ, ಒಬ್ಬೊಬ್ಬರದೇ ನೋಡುತ್ತೇನೆ.