ಕಡಲೆ ಹೊಲದ ಧೋತರ ಮತ್ತು ಬಡಗಣ ಗಾಳಿ

ಕೇಳುಗರಿಗೆಲ್ಲ ನಮಸ್ಕಾರ.

ಬೀದರ್, ಕಲಬುರಗಿ, ವಿಜಯಪುರದ ಕಡೆಯವರು ಈಗ ಕೌದಿಯೊಳಗಿಂದ ಒಂದೇ ಕೈ ಹೊರಗೆ ಹಾಕಿ ರೇಡಿಯೊ ಹಚ್ಚಿರುತ್ತೀರಿ, ಅಲ್ವಾ? ನಾನೂ ಆ ಕಡೆಯವನೇ, ಅದಕ್ಕೇ ಕೇಳಿದೆ. ಬೆಂಗಳೂರಿನವರು ಇದಕ್ಕೆ ಚಳಿ ಅನ್ನುತ್ತಾರೆ, ನಾವು ಥಂಡಿ ಅನ್ನುತ್ತೇವೆ. ಈ ಥಂಡಿ ಎಲ್ಲಿಂದ ಬರುತ್ತದೆ, ಯಾವಾಗ ಸಡಿಲವಾಗುತ್ತದೆ, ಮತ್ತೆ ಯಾವಾಗ ಬಿಗಿಯಾಗುತ್ತದೆ ಅನ್ನುವುದು ಇವತ್ತಿನ ಮಾತು.

ನಮ್ಮ ಚಿಗವ್ವ ಡಿಸೆಂಬರ್ ಬಂತೆಂದರೆ ಸಂಜೆ ಒಂದು ಹಳೆಯ ಬಿಳಿ ಧೋತರ ಹಿಡಿದು ಕಡಲೆ ಹೊಲಕ್ಕೆ ಹೊರಡುತ್ತಿದ್ದಳು. ಗಿಡಗಳ ಮೇಲೆ ಅದನ್ನು ಹಾಸಿ ಬರುವುದು. ನಸುಕಿನಲ್ಲಿ ಹೋಗಿ, ಇಬ್ಬನಿಗೆ ನೆನೆದ ಧೋತರವನ್ನು ಮಣ್ಣಿನ ಗಡಿಗೆಗೆ ಹಿಂಡುವುದು. ಕಡಲೆ ಎಲೆಯ ಸಣ್ಣ ಸಣ್ಣ ಕೂದಲಿನಿಂದ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಜಿನುಗುತ್ತದೆ. ಇಬ್ಬನಿ ಅದನ್ನು ತೊಳೆದು ಬಟ್ಟೆಗೆ ಇಳಿಸುತ್ತದೆ. ಅದೇ ಕಡಲೆ ಹುಳಿ. ಹೊಟ್ಟೆ ಕೆಟ್ಟಾಗ ಮನೆಯಲ್ಲಿ ಅದೇ ಔಷಧ. ನಾನು ಹಿಂಡಲು ಹೋದರೆ ಎರಡೇ ನಿಮಿಷಕ್ಕೆ ಬೆರಳು ಮರಗಟ್ಟುತ್ತಿದ್ದವು. ಉಗುರಿನ ಪಕ್ಕ ಚರ್ಮ ಒಡೆದಿದ್ದರಂತೂ ಚುರುಚುರು.

ಕೆಲವು ದಿನ ಧೋತರ ಒಣಗಿಯೇ ಇರುತ್ತಿತ್ತು. ಚಿಗವ್ವ ಮೇಲೆ ನೋಡಿ, "ರಾತ್ರಿ ಮ್ವಾಡ ಹಾಕಿತ್ತು" ಅಂತ ಗೊಣಗುತ್ತಿದ್ದಳು. ಅವಳಿಗೆ ಗೊತ್ತಿಲ್ಲದೆಯೇ ಅದೊಂದು ಹವಾಮಾನ ಯಂತ್ರವಾಗಿತ್ತು.

ಹೇಗೆ ಅಂತ ಹೇಳುತ್ತೇನೆ. ಹಗಲೆಲ್ಲ ಬಿಸಿಲು ಕುಡಿದ ನೆಲ ರಾತ್ರಿ ಆ ಕಾವನ್ನು ಆಕಾಶಕ್ಕೆ ಬಿಡುತ್ತದೆ. ಮೇಲೆ ಮೋಡವಿದ್ದರೆ ಅದು ಕೌದಿ ಇದ್ದ ಹಾಗೆ, ಕಾವಿನ ಒಂದು ಪಾಲು ವಾಪಸ್ ಬರುತ್ತದೆ. ಆಕಾಶ ಬಿಚ್ಚಿಕೊಂಡಿದ್ದು, ಗಾಳಿಯೂ ನಿಂತಿದ್ದರೆ ಕಾವು ಹೋದದ್ದು ಹೋದ ಹಾಗೇ. ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ಏಳುವುದಿಲ್ಲ. ಹಾಗಾಗಿ ಮಾಳಿಗೆ ಎತ್ತರದಲ್ಲಿ ಇರುವುದಕ್ಕಿಂತ ಹೊಲದಲ್ಲಿ ಮೊಣಕಾಲ ಮಟ್ಟಕ್ಕೆ ಥಂಡಿ ಜಾಸ್ತಿ. ನಸುಕಿನಲ್ಲಿ ಊರಿನ ಒಲೆಗಳ ಹೊಗೆ ನೋಡಿ. ಸ್ವಲ್ಪ ಮೇಲೆ ಹೋಗಿ, ಯಾರೋ ತಡೆದ ಹಾಗೆ ನಿಂತು, ಚಾಪೆ ಹಾಸಿದಂತೆ ಅಡ್ಡ ಹರಡಿಕೊಳ್ಳುತ್ತದೆ. ಅಲ್ಲಿಂದ ಮೇಲೆ ಬೆಚ್ಚನೆಯ ಗಾಳಿ ಕೂತಿದೆ ಅಂತ ಅರ್ಥ.

ಇದು ನಮ್ಮ ಆಕಾಶದ ಪಾಲು. ಇನ್ನೊಂದು ಪಾಲು ಉತ್ತರದ್ದು. ಟೀವಿಯಲ್ಲಿ ಆಗಾಗ ಸೈಬೀರಿಯಾದ ಗಾಳಿ ಬೀಸುತ್ತಿದೆ ಅನ್ನುವುದುಂಟು. ನನಗಂತೂ ಅದು ಅಷ್ಟು ಸರಿ ಕಾಣುವುದಿಲ್ಲ. ನಡುವೆ ಹಿಮಾಲಯ ಗೋಡೆಯಂತೆ ನಿಂತಿದೆಯಲ್ಲ! ನಮ್ಮ ಥಂಡಿಯ ಕತೆ ಶುರುವಾಗುವುದು ಮೆಡಿಟರೇನಿಯನ್ ಸಮುದ್ರದ ಕಡೆ. ಅಲ್ಲಿಂದ ಒಂದು ವಾಯುಭಾರ ಕುಸಿತ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬಂದು ಕಾಶ್ಮೀರ, ಹಿಮಾಚಲದಲ್ಲಿ ಹಿಮ ಸುರಿಸುತ್ತದೆ. ಹವಾಮಾನ ಇಲಾಖೆಯವರು ಇದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದರೆ ಪಶ್ಚಿಮದ ಅವಾಂತರ ಅನ್ನುತ್ತಾರೆ. ಅದು ಪೂರ್ವಕ್ಕೆ ಸರಿದ ಮೇಲೆ ಅದರ ಬೆನ್ನ ಹಿಂದೆ ಒಣ, ತಣ್ಣನೆಯ ಗಾಳಿ ಪಂಜಾಬ್, ರಾಜಸ್ಥಾನದ ಬಯಲಿಗೆ ಇಳಿಯುತ್ತದೆ. ಕೆಲವು ಸಲ ಅಲ್ಲಿಗೇ ಅದರ ದಮ್ಮು ಮುಗಿಯುತ್ತದೆ. ಜೋರಿದ್ದರೆ ಮಧ್ಯಪ್ರದೇಶ, ಮರಾಠವಾಡ ದಾಟಿ ಬೀದರಿಗೆ ಬರುತ್ತದೆ. ಕರ್ನಾಟಕದಲ್ಲಿ ಮೊದಲು ಸಿಗುವ ಜಿಲ್ಲೆಯೇ ಅದು. ಮೇಲಾಗಿ ಎತ್ತರದ ಜಾಗ. ಗಾಳಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಅದರ ಹಲ್ಲು ಅರ್ಧ ಉದುರಿರುತ್ತದೆ, ಆದರೂ ಕಚ್ಚುತ್ತದೆ.

ಹಾಗಾದರೆ ಮುಂದೇನು? ಇಂಥ ಇನ್ನೊಂದು ಅವಾಂತರ ವಾಯವ್ಯದಿಂದ ಹತ್ತಿರ ಬರುವಾಗ ಮೊದಲು ಆಗುವುದು ತಿರುವುಮುರುವು. ಗಾಳಿ ಮೂಡಣದಿಂದಲೋ ಆಗ್ನೇಯದಿಂದಲೋ ಬೀಸತೊಡಗುತ್ತದೆ. ಬಂಗಾಳಕೊಲ್ಲಿಯ ತೇವ ಬರುತ್ತದೆ, ಎತ್ತರದಲ್ಲಿ ಅರಳೆಯಂಥ ತೆಳು ಮೋಡ ಕಾಣುತ್ತದೆ. ರಾತ್ರಿ ಎರಡು ಮೂರು ಡಿಗ್ರಿ ಬೆಚ್ಚಗಾಗುತ್ತದೆ. ಥಂಡಿ ಹೋಯಿತು ಅಂತ ಜನ ಕೌದಿ ಮಡಚಿಡುವುದು ಆಗಲೇ. ಸ್ವಲ್ಪ ತಡೆಯಿರಿ. ಅವಾಂತರ ಮುಂದೆ ಹೋದ ಮೇಲೆ ಗಾಳಿ ಮತ್ತೆ ಬಡಗಣದಿಂದ ಬೀಸಿದರೆ, ಆಕಾಶ ತೊಳೆದಂತೆ ನೀಲಿಯಾದರೆ, ಆ ರಾತ್ರಿಯಿಂದಲೇ ಉಷ್ಣಾಂಶ ಜಾರುತ್ತದೆ. ಡಿಸೆಂಬರ್, ಜನವರಿಯಲ್ಲಿ ಈ ಸುತ್ತು ಮತ್ತೆ ಮತ್ತೆ ನಡೆಯುತ್ತದೆ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ನಮ್ಮ ಕಡೆ ಅದು ಅಷ್ಟು ದಿನ ಕಾಯುವುದೂ ಇಲ್ಲ. ಫೆಬ್ರವರಿ ನಡುವಿಗೇ ಬಿಸಿಲು ಬೆನ್ನು ಸುಡುತ್ತದೆ.

ರೇಡಿಯೊದಲ್ಲಿ ಕೇಳುವ ಅಂಕಿಯ ಬಗ್ಗೆ ಒಂದು ಮಾತು. ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಂದರೆ ನಿಮ್ಮ ಹೊಲದಲ್ಲಿ 10 ಅಂತಲ್ಲ. ಆ ಮಾಪಕ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ ಜಾಲಂದ್ರದ ಪೆಟ್ಟಿಗೆಯೊಳಗೆ ಇರುತ್ತದೆ. ಬೆಳಿಗ್ಗೆ 8.30ಕ್ಕೆ ಅದನ್ನು ಓದುತ್ತಾರೆ. ಗರಿಕೆಯ ಮಟ್ಟದಲ್ಲಿ ಇನ್ನೂ ಕೆಲವು ಡಿಗ್ರಿ ಕಡಿಮೆ ಇರಬಹುದು. ಬಯಲುಸೀಮೆಯಲ್ಲಿ ಉಷ್ಣಾಂಶ 10 ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದರೆ ಆಗ ಇಲಾಖೆ ಶೀತಗಾಳಿ ಅನ್ನುತ್ತದೆ. ಸುಮ್ನೆ ನಡುಕ ಬಂತು ಅಂದರೆ ಸಾಲದು. ಇನ್ನೊಂದು ವಿಷಯ, ಥಂಡಿ ಗರಿಷ್ಠವಾಗುವುದು ನಡುರಾತ್ರಿ ಅಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಹಾಲು ಹಾಕುವವರನ್ನು ಕೇಳಿ.

ಬೆಂಗಳೂರಿನದು ಬೇರೆ ಲೆಕ್ಕ. ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಅಲ್ಲಿ ಹಗಲೆಲ್ಲ ಮೋಡ, ಜಿಟಿಜಿಟಿ ಮಳೆ, ಮಧ್ಯಾಹ್ನವೂ ಸ್ವೆಟರ್. ರಾತ್ರಿ ಅಷ್ಟೇನೂ ಇಳಿಯುವುದಿಲ್ಲ. ನಮ್ಮಲ್ಲಿ ಮಧ್ಯಾಹ್ನ ಅಂಗಿ ಬಿಚ್ಚುವಷ್ಟು ಬಿಸಿಲು, ರಾತ್ರಿ ಹಲ್ಲು ಕಟಕಟ. ಹಾಗಂತ ಬೆಂಗಳೂರನ್ನು ಹಗುರವಾಗಿ ಕಾಣಬೇಡಿ. 1884ರ ಜನವರಿ 13ರಂದು ಅಲ್ಲಿ 7.8 ಡಿಗ್ರಿಗೆ ಇಳಿದಿತ್ತು. ಆ ದಾಖಲೆ ಇನ್ನೂ ಮುರಿದಿಲ್ಲ.

ರೈತರಿಗೆ ಹೇಳುವುದಾದರೆ, ಹಿಂಗಾರಿ ಜೋಳ, ಕಡಲೆಗೆ ಹದವಾದ ಥಂಡಿ ಒಳ್ಳೆಯದೇ. ಹೆದರಬೇಕಾದದ್ದು ಮೋಡಕ್ಕೆ. ಮೋಡ ಕವಿದುಕೊಂಡೇ ಇದ್ದರೆ ಕಡಲೆಗೆ ಕಾಯಿಕೊರಕದ ಕಾಟ, ಮಾವಿನ ಹೂವಿಗೆ ಜಿಗಿಹುಳು, ಬೂದಿರೋಗ. ವಿಜಯಪುರದ ದ್ರಾಕ್ಷಿಯವರ ಚಿಂತೆ ಬೇರೆ. ರಾತ್ರಿ ತೀರಾ ಇಳಿದು ಹಗಲು ಏರಿದರೆ ಹಸಿರು ಕಾಯಿ ಗುಲಾಬಿ ಬಣ್ಣಕ್ಕೆ ತಿರುಗಿ ಬೆಲೆ ಬೀಳುತ್ತದೆ. ಇನ್ನು ಮನೆಯಲ್ಲಿ ಇದ್ದಲಿನ ಶೆಗಡಿ ಹಚ್ಚುವವರು ದಯವಿಟ್ಟು ಬಾಗಿಲು ಜಡಿದುಕೊಂಡು ಮಲಗಬೇಡಿ. ಇದ್ದಲಿನಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ವಾಸನೆ ಇಲ್ಲ, ಅದು ಬಂದದ್ದೇ ತಿಳಿಯುವುದಿಲ್ಲ.

ಮತ್ತೆ ಚಿಗವ್ವನ ಧೋತರಕ್ಕೆ ಬರುತ್ತೇನೆ. ಧೋತರ ಒದ್ದೆ, ಮೈಗೆ ಥಂಡಿ ಅಂದರೆ ತಿಳಿಯಾದ ಆಕಾಶ, ನಿಂತ ಗಾಳಿ. ಧೋತರ ಒಣಗಿದೆ, ಥಂಡಿಯೂ ಇಲ್ಲ ಅಂದರೆ ಮೋಡ. ಮೂರನೆಯದೂ ಒಂದಿದೆ. ಧೋತರ ಒಣಗಿದೆ, ಆದರೆ ಥಂಡಿ ಕಿವಿ ಕತ್ತರಿಸುತ್ತಿದೆ, ತುಟಿ ಒಡೆಯುತ್ತಿದೆ. ಅಂಥ ದಿನ ಬಡಗಣ ಗಾಳಿ ಹೊಸದಾಗಿ ಬಂದಿರುತ್ತದೆ. ಅದರಲ್ಲಿ ಇಬ್ಬನಿ ಕಟ್ಟುವಷ್ಟೂ ತೇವ ಇರುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ, ಅಂದರೆ ಹೊಲಕ್ಕೆ ಎಡೆ, ಚೆಲ್ಲಲು ನಸುಕಿನಲ್ಲೇ ಹೋಗುವವರು ಕಡಲೆ ಎಲೆಯನ್ನು ಒಮ್ಮೆ ಮುಟ್ಟಿ ನೋಡಿ. ಒಣಗಿದ್ದರೆ ಭಜ್ಜಿ, ಅಂಬಲಿಯ ಜೊತೆಗೆ ಒಂದು ಕಂಬಳಿಯೂ ಬಂಡಿಯಲ್ಲಿ ಇರಲಿ.

ನಮಸ್ಕಾರ.