ಓರಿಯನ್ ನೀಹಾರಿಕೆಗೆ ಮನೆಯ ಕ್ಯಾಮೆರಾ ಸಾಕು

ಎಲ್ಲರಿಗೂ ನಮಸ್ಕಾರ.

ನೀಹಾರಿಕೆಯ, ಅಂದರೆ ಆಕಾಶದಲ್ಲಿ ಹೊಳೆಯುವ ಅನಿಲ, ಧೂಳಿನ ಮೋಡದ ಫೋಟೊ ತೆಗೆಯಲು ಲಕ್ಷಗಟ್ಟಲೆ ಬೆಲೆಯ ದೂರದರ್ಶಕ ಬೇಕು ಅಂತ ಬಹಳ ಜನ ಕ್ಯಾಮೆರಾವನ್ನು ಆಕಾಶದತ್ತ ತಿರುಗಿಸುವುದೇ ಇಲ್ಲ. ಮನೆಯಲ್ಲಿರುವ ಡಿಎಸ್‌ಎಲ್‌ಆರ್, 55–250 ಅಥವಾ 70–300 ಮಿ.ಮೀ. ಜೂಮ್ ಲೆನ್ಸ್, ಅಲ್ಲಾಡದ ಒಂದು ಟ್ರೈಪಾಡ್ ಇದ್ದರೆ ಓರಿಯನ್ ನೀಹಾರಿಕೆ ಖಂಡಿತ ಸಿಗುತ್ತದೆ. ಇವತ್ತು ಅದೊಂದರ ಬಗ್ಗೆಯೇ ಮಾತಾಡುತ್ತೇನೆ.

ಜನವರಿಯಲ್ಲಿ ರಾತ್ರಿ ಒಂಬತ್ತು, ಹತ್ತರ ಹೊತ್ತಿಗೆ ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜದ ಬೇಟೆಗಾರ, ನಮ್ಮ ನೆತ್ತಿಯಿಂದ ಕೊಂಚ ದಕ್ಷಿಣಕ್ಕಿರುತ್ತಾನೆ. ಸೊಂಟಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ಅವನ ಕತ್ತಿ. ಅದರ ನಡುವೆ ಮಂಜುಮಂಜಾಗಿ ಕಾಣುವುದೇ ಎಂ42, ನಮ್ಮ ಓರಿಯನ್ ನೀಹಾರಿಕೆ. ಸುಮಾರು 1,340 ಜ್ಯೋತಿರ್ವರ್ಷ ದೂರದಲ್ಲಿದ್ದರೂ ಆಕಾಶದಲ್ಲಿ ಅದರ ಹರವು ಹುಣ್ಣಿಮೆ ಚಂದ್ರನ ಎರಡರಷ್ಟು ಅಗಲ! ಗಾತ್ರದಲ್ಲಿ ಕೊರತೆಯಿಲ್ಲ, ಬೆಳಕು ಮಾತ್ರ ಕಡಿಮೆ. ಆ ಬೆಳಕನ್ನು ತಾಳ್ಮೆಯಿಂದ ಕೂಡಿಹಾಕುವುದೇ ನಮ್ಮ ಕೆಲಸ.

1880ರ ಸೆಪ್ಟೆಂಬರ್ 30ರಂದು ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ ಇದರ ಮೊದಲ ಫೋಟೊ ತೆಗೆದಾಗ ಸುಮಾರು 51 ನಿಮಿಷ ಬೆಳಕು ಹಿಡಿಯಬೇಕಾಯಿತು. 1883ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಎಂಜಿನಿಯರ್ ಆಂಡ್ರ್ಯೂ ಕಾಮನ್ ತಮ್ಮ ಮನೆಯ ತೋಟದಿಂದಲೇ ತೆಗೆದ ಚಿತ್ರದಲ್ಲಿ, ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಮೂಡಿದ್ದವು. ಕಾಮನ್ ಹವ್ಯಾಸಿ ಅನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ.

ಅವರ ದೂರದರ್ಶಕಗಳು ಆಕಾಶದ ಜೊತೆಗೇ ತಿರುಗುತ್ತಿದ್ದವು. ನಮ್ಮ ಟ್ರೈಪಾಡ್ ತಿರುಗುವುದಿಲ್ಲ. ನಾಲ್ಕು ನಿಮಿಷಕ್ಕೆ ಆಕಾಶ ಒಂದು ಡಿಗ್ರಿ ಸರಿಯುತ್ತದೆ. 200 ಮಿ.ಮೀ.ನಲ್ಲಿ ಶಟರ್ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿದ್ದರೆ ನಕ್ಷತ್ರಗಳು ಗೆರೆಯಾಗುತ್ತವೆ. ಆದ್ದರಿಂದ ಶಟರ್ ಒಂದು ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಅಥವಾ 3200, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು, ರಾ ಫಾರ್ಮ್ಯಾಟಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಕಡತ) ನಾನೂರು ಫೋಟೊ. ಅಷ್ಟರಲ್ಲಿ ನೀಹಾರಿಕೆ ಚೌಕಟ್ಟಿನ ಅಂಚಿಗೆ ಜಾರುತ್ತದೆ, ಆಗಾಗ ಮತ್ತೆ ನಡುವಿಗೆ ತನ್ನಿ. ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್ ಅನ್ನುವ ಕಂಪ್ಯೂಟರ್ ತಂತ್ರಾಂಶಗಳು, ಎರಡೂ ಉಚಿತ, ಇವನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ಕೂಡಿಸುತ್ತವೆ. ನಾನೂರು ಕೂಡಿಸಿದರೆ ಬೆಳಕು ನಾನೂರು ಪಟ್ಟಾಗುತ್ತದೆ, ನಾಯ್ಸ್, ಅಂದರೆ ಚಿತ್ರದ ಕಾಳುಕಾಳಾದ ಗದ್ದಲ, ಇಪ್ಪತ್ತೇ ಪಟ್ಟು. ಒಂದೇ ಫೋಟೊದಲ್ಲಿ ಕಾಣದ ರೆಕ್ಕೆಯಂಥ ಹರವು ಈ ಲೆಕ್ಕದಿಂದಲೇ ಹೊರಬರುತ್ತದೆ.

ಫೋಕಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಹೆಚ್ಚಿನ ಫೋಟೊಗಳು ಕೆಡುವುದು ಇಲ್ಲೇ. ಆಟೊಫೋಕಸ್ ಆಫ್ ಮಾಡಿ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾ ಹಿಂಬದಿಯ ಪರದೆಯಲ್ಲಿ, ಮಹಾವ್ಯಾಧನ ಕಾಲಿನ ಪ್ರಕಾಶಮಾನ ರಿಗೆಲ್ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ. ಫೋಕಸ್ ರಿಂಗನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದರೆ ಬೊಟ್ಟಿನಷ್ಟಿದ್ದ ಬೆಳಕು ಕುಗ್ಗಿ ಚುಕ್ಕೆಯಾಗುತ್ತದೆ, ಸ್ವಲ್ಪ ದಾಟಿದರೆ ಮತ್ತೆ ಹಿಗ್ಗುತ್ತದೆ. ತೀರಾ ಸಣ್ಣದಾದ ಜಾಗಕ್ಕೆ ವಾಪಸು ಬಂದು ರಿಂಗಿಗೆ ಟೇಪ್ ಅಂಟಿಸಿ. ಜೂಮ್ ರಿಂಗಿಗೂ ಅಂಟಿಸಿ. ನೆತ್ತಿಯತ್ತ ಮುಖ ಮಾಡಿದ ಜೂಮ್ ಲೆನ್ಸ್ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ, ಆಗ ಫೋಕಸ್ಸೂ ಹೋಗುತ್ತದೆ.

ಬಣ್ಣ ಪತ್ರಿಕೆಗಳಲ್ಲಿ ನೋಡಿದಷ್ಟು ಕಡುಗೆಂಪಾಗಿ ಬರುವುದಿಲ್ಲ. ಹೈಡ್ರೋಜನ್ ಸೂಸುವ 656 ನ್ಯಾನೊಮೀಟರಿನ ಕೆಂಪನ್ನು ಕ್ಯಾಮೆರಾದೊಳಗಿನ ಫಿಲ್ಟರ್ ಬಹುಪಾಲು ತಡೆಯುತ್ತದೆ. ನಮಗೆ ಸಿಗುವ ಆ ನಸುಗೆಂಪು, ನೇರಳೆಯೂ ಚೆಂದವೇ. ಕಡುಗೆಂಪು ಬೇಕೆಂದು ಆ ಫಿಲ್ಟರ್ ತೆಗೆಸಲು ಕ್ಯಾಮೆರಾ ಬಿಚ್ಚಿಸಲು ಹೋಗಬೇಡಿ.

ಅಮಾವಾಸ್ಯೆಯ ಆಸುಪಾಸು, ಊರ ದೀಪಗಳಿಂದ ದೂರದ ಜಾಗ ನೋಡಿಕೊಳ್ಳಿ. ಕ್ಯಾಮೆರಾ ತಂದವರು ಈಗ ಮುಂದೆ ಬನ್ನಿ, ಟೇಪ್ ಎಲ್ಲಿ ಅಂಟಿಸಬೇಕು ಅಂತ ತೋರಿಸುತ್ತೇನೆ.